ಅಜ್ಜ ತೀರಿಕೊಂಡದ್ದು ಮುಂಬಯಿಯಲ್ಲಿ, ಜಾಗ ಇರುವುದು ಊರಿನಲ್ಲಿ: 1978ರ ಮರಣ ದಾಖಲೆ ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: "ಸರ್, ನಾನು ಮುಂಬಯಿಯ ಭಾಂಡುಪ್‌ನಲ್ಲಿ ಇರುವವಳು. ನನ್ನ ಅಜ್ಜ ಕುಂದಾಪುರ ತಾಲೂಕಿನವರು. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕಿದ್ದರು. 1978ರಲ್ಲಿ ಇಲ್ಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಪ್ಪನಿಗೆ ಆಗ ಹನ್ನೆರಡು ವರ್ಷ. ಊರಿಗೆ ಒಯ್ಯಲು ಆಗಲಿಲ್ಲ, ಹೋಟೆಲಿನವರೇ ಸೇರಿ ಚಂದನವಾಡಿಯಲ್ಲಿ ದಹನ ಮಾಡಿದರು ಎಂದು ಅಜ್ಜಿ ಹೇಳುತ್ತಾರೆ. ಆಸ್ಪತ್ರೆ ಪರೇಲಿನದು ಎಂದು ಅಜ್ಜಿ, ಸೈನಿನದು ಎಂದು ಅಪ್ಪ. ತಾರೀಕು ಯಾರಿಗೂ ಗೊತ್ತಿಲ್ಲ. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಗೆ ಹೋಗಿ ಬಂದ ಮಾರನೇ ದಿನ ತಂತಿ (ಟೆಲಿಗ್ರಾಂ) ಬಂತು ಎಂಬುದಷ್ಟೇ ಅಜ್ಜಿಗೆ ನೆನಪು. ಊರಿನಲ್ಲಿ 40 ಸೆಂಟ್ಸ್ ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಪೌತಿ ಖಾತೆ (ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಲು ಹೋದರೆ ಮರಣ ಪ್ರಮಾಣಪತ್ರ ಕೇಳುತ್ತಾರೆ. ಒಬ್ಬ ಏಜೆಂಟ್ ಹದಿನೈದು ಸಾವಿರ ಕೊಟ್ಟರೆ ಊರಿನಲ್ಲೇ ಮಾಡಿಸಿಕೊಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬರು, ಮೂವತ್ತು ವರ್ಷ ದಾಟಿದ ರಿಜಿಸ್ಟರ್ ಸುಟ್ಟು ಹಾಕುತ್ತಾರೆ, ಸುಮ್ನೆ ಓಡಾಡಬೇಡಿ ಎಂದರು. ಚಿಕ್ಕಪ್ಪ ನೇರ ಕೋರ್ಟಿಗೇ ಹೋಗೋಣ ಎನ್ನುತ್ತಾರೆ. ಅಜ್ಜಿಗೆ 84. ಅವರು ಇರುವಾಗಲೇ ಈ ಕೆಲಸ ಮುಗಿಯಬೇಕು. ಎಲ್ಲಿಂದ ಶುರು ಮಾಡಲಿ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮುಂಬಯಿಯಲ್ಲಿ ವಾರಸುದಾರಿಕೆಯ ಕಾಗದಪತ್ರ ನೋಡುವ ವಕೀಲನಾಗಿ ಇಂಥ ಕುಟುಂಬಗಳು ವರ್ಷಕ್ಕೆ ಹತ್ತಾರು ನನ್ನ ಮೇಜಿನ ಎದುರು ಕೂರುತ್ತವೆ. ಹದಿನಾಲ್ಕು ಹದಿನೈದರ ಪ್ರಾಯಕ್ಕೆ ಬಸ್ಸು ಹತ್ತಿ ಬಂದವರು, ಹೋಟೆಲಿನ ಮಾಳಿಗೆಯಲ್ಲೇ ಮಲಗಿ ಎದ್ದವರು, ಇಲ್ಲೇ ಹೋದವರು. ಊರಲ್ಲಿ ಪಹಣಿ ಅವರ ಹೆಸರಲ್ಲೇ ನಿಂತಿದೆ.

ನಿಮಗೆ ಸಲಹೆ ಕೊಟ್ಟ ಮೂವರೂ ಒಂದು ಹೆಜ್ಜೆಯನ್ನು ಹಾರಿಸಿಬಿಟ್ಟಿದ್ದಾರೆ. ಅಜ್ಜನ ಸಾವು 1978ರಲ್ಲೇ ದಾಖಲಾಗಿತ್ತಾ ಎಂದು ಯಾರೂ ನೋಡಿಲ್ಲ. ನನ್ನ ಅಂದಾಜು, ದಾಖಲಾಗಿದೆ. ಹೊಸದಾಗಿ ಏನನ್ನೂ "ಮಾಡಿಸುವ" ಅಗತ್ಯ ಬರದೇ ಇರಬಹುದು. ಇರುವುದನ್ನು ಹುಡುಕಿ ತೆಗೆಯಬೇಕು, ಅಷ್ಟೆ.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಜನನ ಮರಣ ನೋಂದಣಿ ಕಾಯ್ದೆ 1969ರದು. ಮಹಾರಾಷ್ಟ್ರದಲ್ಲಿ 1970ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮನೆಯಲ್ಲಿ ಸಾವಾದರೆ ಮನೆಯವರು ತಿಳಿಸಬೇಕು. ಆಸ್ಪತ್ರೆಯಲ್ಲಿ ಆದರೆ ತಿಳಿಸುವ ಹೊಣೆ ಆಸ್ಪತ್ರೆಯದೇ. ನಿಮ್ಮ ಅಜ್ಜಿ ಆಗ ಊರಿನಲ್ಲಿದ್ದರು, ಮಕ್ಕಳು ಸಣ್ಣವರು, ಯಾರೂ ಯಾವ ಆಫೀಸಿಗೂ ಹೋಗಲಿಲ್ಲ ನಿಜ. ಆದರೆ ಆಸ್ಪತ್ರೆಯಿಂದ ಪಾಲಿಕೆಯ ವಾರ್ಡ್ ಆಫೀಸಿಗೆ ವರದಿ ಹೋಗಲು ಮನೆಯವರು ಬೇಕಾಗಿರಲಿಲ್ಲ. ಚಂದನವಾಡಿಯಲ್ಲಿ ದಹನ ಆಗಿದೆ ಅಂದ ಮೇಲೆ ಡಾಕ್ಟರರ ಕಾಗದವೂ ಇದ್ದಿರಲೇಬೇಕು. ಅದಿಲ್ಲದೆ ಮುಂಬಯಿಯ ಸ್ಮಶಾನದಲ್ಲಿ ಒಳಗೆ ಬಿಡುವುದಿಲ್ಲ.

ಇಲ್ಲಿ ಒಂದು ಗೊಂದಲ ತುಂಬ ಜನರಿಗಿದೆ. ಸಾವಿನ ಕಾರಣ ಬರೆದು ಡಾಕ್ಟರು ಕೊಡುವ ಕಾಗದ ಬೇರೆ, ಸ್ಮಶಾನದ ರಸೀದಿ ಬೇರೆ, ಮರಣ ಪ್ರಮಾಣಪತ್ರ ಬೇರೆ. ಮೊದಲಿನ ಎರಡು ಸಿಕ್ಕಿದರೆ ಜೋಪಾನವಾಗಿ ಇಡಿ, ಹುಡುಕಾಟಕ್ಕೆ ಬಹಳ ಸಹಾಯ. ಆದರೆ ಪೌತಿ ಖಾತೆಗೆ ಕೇಳುವುದು ರಿಜಿಸ್ಟ್ರಾರರು ಸಹಿ ಮಾಡಿ ಕೊಟ್ಟ ಮೂರನೆಯದನ್ನು. ಇಲ್ಲಿನ ಕೌಂಟರಿನಲ್ಲಿ ಅದಕ್ಕೆ "ಮೃತ್ಯು ದಾಖಲಾ" ಎನ್ನುತ್ತಾರೆ.

ರಿಜಿಸ್ಟರ್ ಸುಟ್ಟು ಹಾಕುತ್ತಾರೆ ಎಂಬ ಮಾತು ಸುಳ್ಳು. ನಿಯಮಗಳ ಪ್ರಕಾರ ಜನನ ಮರಣದ ರಿಜಿಸ್ಟರುಗಳು ಶಾಶ್ವತ ದಾಖಲೆ, ನಾಶ ಮಾಡುವಂತಿಲ್ಲ. ಈ ಮಾತು ಹುಟ್ಟಿದ್ದು ಎಲ್ಲಿಂದ ಎಂದು ನನಗೆ ಅಂದಾಜಿದೆ. ಆಸ್ಪತ್ರೆಯ ಕೇಸ್ ಪೇಪರ್ ಬೇರೆ ಲೆಕ್ಕ. ಒಳರೋಗಿಗಳ ಕಾಗದವನ್ನು ಮೂರು ವರ್ಷ ಇಡಬೇಕು ಎಂದು ವೈದ್ಯರ ನಿಯಮ ಹೇಳುತ್ತದೆ. ಆಮೇಲೆ ಅವನ್ನು ಇಡುವವರು ಕಡಿಮೆ. ಆಸ್ಪತ್ರೆಗೆ ಹೋಗಿ "ಹಳೇ ಕಾಗದ ಇಲ್ಲ" ಎಂಬ ಉತ್ತರ ಕೇಳಿ ಬಂದವರು, ಪಾಲಿಕೆಯಲ್ಲೂ ಇಲ್ಲ ಎಂದುಕೊಂಡಿರುತ್ತಾರೆ. ಹಾಗಾಗಿ ಆಸ್ಪತ್ರೆಯಿಂದ ಶುರು ಮಾಡಬೇಡಿ, ವಾರ್ಡಿನಿಂದ ಶುರು ಮಾಡಿ. ಹಳೆಯ ಪುಸ್ತಕ ಹಾಳಾಗುವುದು, ಅಂಚು ಪುಡಿಯಾಗುವುದು, ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವಾಗ ಸಿಗದೆ ಹೋಗುವುದು ಇದ್ದೇ ಇದೆ. ಆದರೆ ಕಾನೂನು ಪ್ರಕಾರ ಅವು ಇರಬೇಕು. ಇರಬೇಕಾದ್ದನ್ನು ಕೇಳುವ ಹಕ್ಕು ನಿಮಗಿದೆ.

ಏಜೆಂಟನ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಹದಿನೈದು ಸಾವಿರಕ್ಕೆ ತಲೆನೋವು ಕಳೆಯುತ್ತದೆ ಎಂದು ಯಾರಿಗೂ ಅನ್ನಿಸುವುದು ಸಹಜ. ಕಾಯ್ದೆಯ ಮೂಲ ನಿಯಮ ಒಂದೇ: ಸಾವು ಎಲ್ಲಿ ಆಯಿತೋ ಅಲ್ಲಿಯ ರಿಜಿಸ್ಟ್ರಾರರೇ ದಾಖಲಿಸಬೇಕು. ಹುಟ್ಟೂರು, ರೇಷನ್ ಕಾರ್ಡಿನ ವಿಳಾಸ, ಜಾಗ ಇರುವ ಊರು ಯಾವುದೂ ಲೆಕ್ಕಕ್ಕಿಲ್ಲ. ಮುಂಬಯಿಯಲ್ಲಿ ತೀರಿಕೊಂಡವರ ಪ್ರಮಾಣಪತ್ರ ಊರಿನಲ್ಲಿ ಸಿಗಬೇಕಾದರೆ "ಊರಿನಲ್ಲೇ ತೀರಿಕೊಂಡರು" ಎಂದು ಯಾರಾದರೂ ಸುಳ್ಳು ಬರೆದುಕೊಡಬೇಕು. ಆ ಸುಳ್ಳಿನ ಕೆಳಗೆ ಸಹಿ ಹಾಕುವವರು ಏಜೆಂಟ್ ಅಲ್ಲ, ನಿಮ್ಮ ಅಪ್ಪ. ಸಾರ್ವಜನಿಕ ರಿಜಿಸ್ಟರನ್ನು ಖೋಟಾ ಮಾಡಿದರೆ ಏಳು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಜೈಲಿನ ಮಾತು ಬಿಡಿ, ಅಷ್ಟು ದೂರ ಹೋಗುವ ಕೇಸು ಕಡಿಮೆ. ನಿಜವಾದ ಪೆಟ್ಟು ಬೀಳುವುದು ತಡವಾಗಿ. ನನ್ನ ಬಳಿ ಬಂದ ಒಂದು ಕುಟುಂಬ ಹೀಗೇ ಊರಿನಲ್ಲಿ ಕಾಗದ ಮಾಡಿಸಿತ್ತು. ಪೌತಿ ಖಾತೆಯೂ ಆಯಿತು. ಹತ್ತು ವರ್ಷ ಕಳೆದು ಜಾಗ ಮಾರಲು ಹೊರಟಾಗ, ದೂರದ ದಾಯಾದಿಯೊಬ್ಬರು ಮುಂಬಯಿಯ ಅಸಲಿ ಮರಣ ದಾಖಲೆ ತಂದು ಎದುರಿಗಿಟ್ಟರು. ಒಬ್ಬನೇ ಮನುಷ್ಯನಿಗೆ ಎರಡು ಊರು, ಎರಡು ತಾರೀಕು. ಕೊಳ್ಳುವವರು ಅಡ್ವಾನ್ಸ್ ವಾಪಸ್ ಕೇಳಿದರು. ಅಣ್ಣತಮ್ಮಂದಿರು ಮಾತು ಬಿಟ್ಟರು. ಆ ಗಂಟು ಇನ್ನೂ ಬಿಚ್ಚಿಲ್ಲ.

ತಾರೀಕು ಸುಳ್ಳಾದರೆ ವಾರಸುದಾರರೇ ಬದಲಾಗುತ್ತಾರೆ ಎಂಬುದು ತುಂಬ ಜನರಿಗೆ ಹೊಳೆಯುವುದಿಲ್ಲ. ನಿಮ್ಮ ಅಜ್ಜ ತೀರಿಕೊಂಡಾಗ ಅವರ ತಾಯಿ ಬದುಕಿದ್ದರು ಎಂದಿಟ್ಟುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಮೊದಲ ಸಾಲಿನ ವಾರಸುದಾರಳು. ಅವರ ಪಾಲು ಆಮೇಲೆ ಅವರ ಉಳಿದ ಮಕ್ಕಳಿಗೂ ಹರಿಯುತ್ತದೆ. ಸಾವಿನ ತಾರೀಕನ್ನು ನಾಲ್ಕು ವರ್ಷ ಆಮೇಲಕ್ಕೆ ಹಾಕಿದರೆ, ಅಷ್ಟರಲ್ಲಿ ಆ ತಾಯಿಯೂ ತೀರಿಕೊಂಡಿದ್ದರೆ, ಒಂದಿಡೀ ಕವಲಿನ ಪಾಲು ಕಾಗದದಲ್ಲಿ ಮಾಯ. ಇದು ಏಜೆಂಟನಿಗೆ ಗೊತ್ತಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ.

ಇನ್ನು ಹುಡುಕಾಟ. ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಯಾವ ವಾರ್ಡ್, ಯಾವ ತಾರೀಕಿನ ಆಸುಪಾಸು, ಯಾವ ಹೆಸರು.

ವಾರ್ಡ್ ಸುಲಭ. ಮುಂಬಯಿ ಪಾಲಿಕೆ ಬಹಳ ಕಾಲ 24 ವಾರ್ಡುಗಳ ಪಾಲಿಕೆ. ಎ ಇಂದ ಟಿ ತನಕ ಇಂಗ್ಲಿಷ್ ಅಕ್ಷರಗಳ ಹೆಸರು. ಅಜ್ಜ ಇದ್ದದ್ದು ಫೋರ್ಟಿನಲ್ಲಿ, ಅದು ಎ ವಾರ್ಡ್. ಆದರೆ ಆಸ್ಪತ್ರೆಯಲ್ಲಿ ಹೋದರೆ ಆಸ್ಪತ್ರೆ ಇರುವ ವಾರ್ಡನ್ನೇ ನೋಡಬೇಕು. ಪರೇಲಿನ ಕೆಇಎಂ ಆಸ್ಪತ್ರೆ ಆಗಿದ್ದರೆ ಎಫ್ ಸೌತ್. ಸೈನ್ ಆಸ್ಪತ್ರೆ ಆಗಿದ್ದರೆ ಎಫ್ ನಾರ್ತ್. ಅಜ್ಜಿಯ ಮಾತಿಗೆ ಮೊದಲ ಮರ್ಯಾದೆ ಕೊಡಿ, ಎಫ್ ಸೌತ್‌ನಿಂದ ಶುರು ಮಾಡಿ. ಸಿಗದಿದ್ದರೆ ಎಫ್ ನಾರ್ತ್. ಎರಡೂ ಕಡೆ ಇಲ್ಲದಿದ್ದರೆ ಮಾತ್ರ ಎ ವಾರ್ಡ್. ಆಸ್ಪತ್ರೆಗೆ ಒಯ್ಯುವ ಮೊದಲೇ, ಹೋಟೆಲಿನಲ್ಲೇ ಜೀವ ಹೋಗಿದ್ದರೂ ಹೋಗಿರಬಹುದು. ಆ ಸುದ್ದಿಯನ್ನು ಊರಿಗೆ ಮೆತ್ತಗೆ ಮಾಡಿ "ಆಸ್ಪತ್ರೆಯಲ್ಲಿ" ಎಂದು ತಿಳಿಸಿದ್ದನ್ನು ನಾನು ಕಂಡಿದ್ದೇನೆ. ಚಂದನವಾಡಿ ಇರುವ ಮರೀನ್ ಲೈನ್ಸ್ ಕಡೆಯ ವಾರ್ಡಿಗೆ ಹೋಗಿ ಹುಡುಕುವವರೂ ಇದ್ದಾರೆ. ದಹನ ಆದ ಜಾಗ ಸಾವಿನ ಜಾಗ ಅಲ್ಲ.

ಬೇರೆ ಓದುಗರಿಗಾಗಿ ಒಂದು ಮಾತು. ಊರಿನವರ ಬಾಯಲ್ಲಿ ಡೊಂಬಿವಲಿಯೂ ಬೊಂಬಾಯಿ, ಮೀರಾ ರೋಡೂ ಬೊಂಬಾಯಿ, ವಾಶಿಯೂ ಬೊಂಬಾಯಿ. ಅವು ಮುಂಬಯಿ ಪಾಲಿಕೆಗೆ ಸೇರಿದ್ದಲ್ಲ. ಠಾಣೆಯ ಪಾಲಿಕೆ 1982ರದು, ಕಲ್ಯಾಣ ಡೊಂಬಿವಲಿಯದು 1983ರದು, ನವಿ ಮುಂಬಯಿಯದು 1992ರದು. ಅದಕ್ಕೂ ಹಿಂದೆ ಅಲ್ಲಿ ಬೇರೆ ಸ್ಥಳೀಯ ಸಂಸ್ಥೆಗಳಿದ್ದವು. ಅಂಧೇರಿ ತನಕದ ಉಪನಗರ ಮುಂಬಯಿಗೆ ಸೇರಿದ್ದೇ 1950ರಲ್ಲಿ, ದಹಿಸರ್, ಮುಲುಂಡ್ 1957ರಲ್ಲಿ. ಆ ವರ್ಷಗಳಿಗಿಂತ ಹಿಂದಿನ ಸಾವು ಹುಡುಕುವವರು "ಆಗ ಈ ಜಾಗ ಯಾರ ಕೈಯಲ್ಲಿತ್ತು" ಎಂದು ಮೊದಲು ಕೇಳಿಕೊಳ್ಳಬೇಕು. ನಿಮಗೆ ಆ ತೊಂದರೆ ಇಲ್ಲ. 1978ರಲ್ಲಿ ಪರೇಲ್, ಸೈನ್, ಫೋರ್ಟ್ ಎಲ್ಲವೂ ಇದೇ ಪಾಲಿಕೆ.

ತಾರೀಕು ಗೊತ್ತಿಲ್ಲ ಎಂದು ನೀವು ಬರೆದಿದ್ದೀರಿ. ಆದರೆ ಅಜ್ಜಿ ತಾರೀಕು ಹೇಳಿಬಿಟ್ಟಿದ್ದಾರೆ, ಅಲ್ವಾ? ಕರ್ಕಾಟಕ ಅಮಾವಾಸ್ಯೆ. 1978ರಲ್ಲಿ, ಅಂದರೆ ಕಾಳಯುಕ್ತಿ ಸಂವತ್ಸರದಲ್ಲಿ, ಆ ಅಮಾವಾಸ್ಯೆ ಆಗಸ್ಟ್ 3-4ರ ಆಸುಪಾಸು ಬಂದಿತ್ತು. ಮಾರನೇ ದಿನ ತಂತಿ ಬಂದಿದೆ. ಅಂದರೆ ಸಾವು ಅದಕ್ಕೆ ಒಂದೆರಡು ದಿನ ಮೊದಲು. ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದೊಳಗೆ ನಿಮ್ಮ ಹುಡುಕಾಟ ನಿಲ್ಲುತ್ತದೆ. ಒಂದು ವೇಳೆ ವರ್ಷ ತಪ್ಪಿ 1979 ಆಗಿದ್ದರೆ ಅದೇ ಅಮಾವಾಸ್ಯೆ ಜುಲೈ 24ರ ಆಸುಪಾಸು. ಮನೆಯಲ್ಲಿ ಅಜ್ಜನ ತಿಥಿ ಯಾವಾಗ ಮಾಡುತ್ತೀರಿ ಎಂದೂ ಕೇಳಿ. ಆ ತಿಥಿ ಮತ್ತು ಅಜ್ಜಿಯ ನೆನಪು ಎರಡೂ ಒಂದೇ ವಾರಕ್ಕೆ ಬಂದು ಕೂತರೆ ಕಣ್ಣು ಮುಚ್ಚಿ ನಂಬಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ತಾರೀಕು ಕಳೆದುಹೋಗಿರುತ್ತದೆ, ತಿಥಿ ಕಳೆದಿರುವುದಿಲ್ಲ. ಹಳೆಯ ಪಂಚಾಂಗ ಇಟ್ಟಿರುವ ಪುರೋಹಿತರು ಐದು ನಿಮಿಷದಲ್ಲಿ ತಾರೀಕು ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರ. ರಿಜಿಸ್ಟರಿನಲ್ಲಿ ಸಾಲುಗಳು ಸಾವಿನ ತಾರೀಕಿನ ಪ್ರಕಾರ ಇರುವುದಿಲ್ಲ, ದಾಖಲಾದ ತಾರೀಕಿನ ಪ್ರಕಾರ ಇರುತ್ತವೆ. ಆಗಸ್ಟ್ 2ರ ಸಾವು ಆಗಸ್ಟ್ 20ರ ಪುಟದಲ್ಲಿ ಇರಬಹುದು. ಡಿಸೆಂಬರ್ ಕೊನೆಯ ಸಾವು ಮುಂದಿನ ವರ್ಷದ ಪುಸ್ತಕದಲ್ಲಿ ಇರಬಹುದು. ಹಾಗಾಗಿ ಜುಲೈಯಿಂದ ಸೆಪ್ಟೆಂಬರ್ ತನಕ ನೋಡಿ ಎಂದು ಅರ್ಜಿಯಲ್ಲೇ ಬರೆಯಿರಿ.

ಈಗ ಹೆಸರು. ಹುಡುಕಾಟ ಸೋಲುವುದು ಹೆಚ್ಚಾಗಿ ಇಲ್ಲೇ.

ಆಸ್ಪತ್ರೆಯ ಕೌಂಟರಿನಲ್ಲಿ ಅಜ್ಜನ ಹೆಸರು ಹೇಳಿದವರು ಯಾರು? ಅಜ್ಜಿ ಅಲ್ಲ, ಮಕ್ಕಳಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಸಪ್ಲೈಯರ್, ಇಲ್ಲ ಗಲ್ಲಾದಲ್ಲಿ ಕೂರುವವರು. ರಾತ್ರಿ ಹೊತ್ತು, ಗಾಬರಿಯಲ್ಲಿ, ಅರೆಬರೆ ಹಿಂದಿಯಲ್ಲಿ ಹೇಳಿರುತ್ತಾರೆ. ಬರೆದುಕೊಂಡವರು ಮರಾಠಿ ಮಾತಾಡುವ ಗುಮಾಸ್ತರು. ಆ ಹೆಸರು ಊರಿನ ಪಹಣಿಯಲ್ಲಿರುವ ಹೆಸರೇ ಆಗಿರಬೇಕೆಂದೇನೂ ಇಲ್ಲ. ಹೋಟೆಲಿನಲ್ಲಿ ಕರೆಯುತ್ತಿದ್ದ ಹೆಸರು ಆಗಿರಬಹುದು. ಅಡಿಗೆಯವರಾದ್ದರಿಂದ ಜಾತಿ ಯಾವುದೇ ಇರಲಿ "ಭಟ್ರೇ" ಎಂದು ಕರೆಸಿಕೊಂಡವರಿದ್ದಾರೆ. ಆ "ಭಟ್" ಹಾಗೇ ರಿಜಿಸ್ಟರಿಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಅದರ ಮೇಲೆ ಕಾಗುಣಿತ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು "ಓ" ಹಾಕಿ ಬರೆಯುವವರಿದ್ದಾರೆ, ಒಂದೇ "ಯು" ಹಾಕುವವರೂ ಇದ್ದಾರೆ. ಕೊನೆಗೆ "ವೈ" ಇರಬಹುದು, "ಐ" ಇರಬಹುದು. ಶೆಟ್ಟಿ ಎಂಬುದು "ಶೇಟ್ಟಿ" ಆಗುತ್ತದೆ, ಒಮ್ಮೊಮ್ಮೆ "ಶೇಠ್" ಕೂಡ ಆಗುತ್ತದೆ. ಇಲ್ಲಿಯ ಪದ್ಧತಿ ಎಂದರೆ ಸ್ವಂತ ಹೆಸರು, ತಂದೆ ಹೆಸರು, ಅಡ್ಡಹೆಸರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪನ ಹೆಸರು ಜೊತೆಗೆ ಬರುವುದೇ ಇಲ್ಲ, ತಾಯಿಯ ಕಡೆಯ ಮನೆತನವೇ ಗುರುತು. ಗುಮಾಸ್ತರು "ಬಾಪಾಚೆ ನಾವ್?" ಎಂದು ಕೇಳಿದಾಗ ಜೊತೆಗಿದ್ದವನಿಗೆ ಅದು ಗೊತ್ತಿರುವುದಿಲ್ಲ. ಆ ಜಾಗ ಖಾಲಿ ಬಿಡುತ್ತಾರೆ, ಇಲ್ಲ ಬಾಯಿಗೆ ಬಂದದ್ದು ಬರೆಸುತ್ತಾರೆ. ಸ್ವಂತ ಹೆಸರು ಕೊನೆಗೆ ಬಂದು ಅದೇ ಅಡ್ಡಹೆಸರಾಗಿಬಿಡುವುದೂ ಉಂಟು.

ಆದ್ದರಿಂದ ಒಂದು ಹಾಳೆಯಲ್ಲಿ ಅಜ್ಜನಿಗೆ ಇದ್ದಿರಬಹುದಾದ ಎಲ್ಲ ಹೆಸರುಗಳನ್ನೂ ಬರೆಯಿರಿ. ಪಹಣಿಯ ಹೆಸರು, ಮನೆಯಲ್ಲಿ ಕರೆಯುತ್ತಿದ್ದದ್ದು, ಹೋಟೆಲಿನಲ್ಲಿ ಕರೆಯುತ್ತಿದ್ದದ್ದು, ಊರಿನ ಹೆಸರು ಅಂಟಿಕೊಂಡಿದ್ದರೆ ಅದೂ. ಪ್ರತಿಯೊಂದನ್ನೂ ಇಂಗ್ಲಿಷಿನಲ್ಲಿ ನಾಲ್ಕು ತರಹ ಬರೆದು ನೋಡಿ. ಮರಾಠಿಯಲ್ಲೂ ಬರೆಸಿಕೊಳ್ಳಿ. ವಿಳಾಸದ ಕಾಲಮಿನಲ್ಲಿ ಹೋಟೆಲಿನ ಹೆಸರಿರುವ ಸಾಧ್ಯತೆ ಜಾಸ್ತಿ. ಹೋಟೆಲಿನ ಆಗಿನ ಹೆಸರು ಮತ್ತು ಗಲ್ಲಿಯ ಹೆಸರು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿರಲಿ. ಅಂದಾಜು ವಯಸ್ಸೂ ಬರೆಯಿರಿ.

ಕೆಲವು ವರ್ಷಗಳ ಹಿಂದೆ ಒಬ್ಬ ಮಗನ ಜೊತೆ ಇಂಥದೇ ಹುಡುಕಾಟಕ್ಕೆ ಕೂತಿದ್ದೆ. ಮೊಣಕೈಯಷ್ಟು ಅಗಲದ ಪುಸ್ತಕ, ಬಟ್ಟೆಯ ಬೈಂಡು, ಅಂಚು ಮುಟ್ಟಿದರೆ ಉದುರುವ ಹಾಳೆ. ಗುಮಾಸ್ತರು ಸ್ಕೇಲ್ ಇಟ್ಟು ಒಂದೊಂದೇ ಸಾಲು ಇಳಿಸುತ್ತಿದ್ದರು. ಹೆಸರಿನ ಕಾಲಮಿನಲ್ಲಿ ನಮಗೆ ಬೇಕಾದ ಹೆಸರು ಇರಲೇ ಇಲ್ಲ. ಇನ್ನೇನು ಪುಸ್ತಕ ಮುಚ್ಚಬೇಕು, ಆಗ ಮಗ "ತಡೀರಿ" ಎಂದ. ವಿಳಾಸದ ಕಾಲಮಿನಲ್ಲಿ ಅಪ್ಪ ಕೆಲಸ ಮಾಡಿದ ಹೋಟೆಲಿನ ಹೆಸರು ಕಂಡಿತ್ತು. ಪಕ್ಕದಲ್ಲಿ ವಯಸ್ಸು ಸರಿ, ಕೆಲಸ "ಕುಕ್", ಹೆಸರಿನ ಅರ್ಧ ಮಾತ್ರ ಸರಿ. ಅವನು ಆ ಸಾಲಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಹಾಗೇ ನಿಂತಿದ್ದ. ಗುಮಾಸ್ತರೂ ಏನೂ ಹೇಳದೆ ಕಾದರು.

ಕೌಂಟರಿಗೆ ಹೋಗುವಾಗ ಮಾಡಬೇಕಾದ್ದು ಇಷ್ಟು. ವಾರ್ಡ್ ಆಫೀಸಿನ ನಾಗರಿಕ ಸೌಲಭ್ಯ ಕೇಂದ್ರದಲ್ಲಿ ಅಥವಾ ಆರೋಗ್ಯ ಅಧಿಕಾರಿಯ ವಿಭಾಗದಲ್ಲಿ ಜನನ ಮರಣ ನೋಂದಣಿ ಎಲ್ಲಿ ಎಂದು ಕೇಳಿ. ನಿಮ್ಮ ಗುರುತಿನ ಚೀಟಿ, ಅಪ್ಪನ ಗುರುತಿನ ಚೀಟಿ, ಅಜ್ಜ-ಅಪ್ಪನ ಸಂಬಂಧ ತೋರಿಸುವ ಒಂದು ಕಾಗದ (ಅಪ್ಪನ ಶಾಲೆಯ ಸರ್ಟಿಫಿಕೇಟ್ ಸಾಕು), ಪಹಣಿಯ ಪ್ರತಿ ಇಟ್ಟುಕೊಳ್ಳಿ. ಅಜ್ಜನ ಆಧಾರ್ ಕೇಳಿದರೆ ಗಾಬರಿ ಬೇಡ, 1978ರಲ್ಲಿ ಹೋದವರಿಗೆ ಅದು ಇರಲು ಸಾಧ್ಯವಿಲ್ಲ ಎಂದು ವಿನಯವಾಗಿ ಹೇಳಿ. ಹುಡುಕುವುದಕ್ಕೆ ವರ್ಷದ ಲೆಕ್ಕದಲ್ಲಿ ಸಣ್ಣ ಶುಲ್ಕ ಇರುತ್ತದೆ, ಪ್ರತಿಗೆ ಬೇರೆ ಶುಲ್ಕ. ರಸೀದಿ ತೆಗೆದುಕೊಳ್ಳಿ. ಸಿಕ್ಕಿದರೆ ಒಂದಲ್ಲ, ನಾಲ್ಕೈದು ಪ್ರತಿ ಕೇಳಿ.

ರಿಜಿಸ್ಟರಿನಲ್ಲಿ ಹುಡುಕಿಸುವ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ ಯಾರಿಗೂ ಇದೆ. ಮಗನೇ ಬರಬೇಕು, ಮೊಮ್ಮಗಳಿಗೆ ಕೊಡುವುದಿಲ್ಲ ಎಂದು ಯಾರಾದರೂ ಅಂದರೆ ಜಗಳ ಆಡಬೇಡಿ, ಅಪ್ಪನ ಒಂದು ಒಪ್ಪಿಗೆ ಪತ್ರ ಜೊತೆಗಿಟ್ಟುಕೊಂಡರೆ ಆಯಿತು. ಸಾವಿನ ಕಾರಣವನ್ನು ಪ್ರಮಾಣಪತ್ರದಲ್ಲಿ ಕಾಣಿಸಬಾರದು ಎಂದೂ ಅದೇ ಕಲಮಿನಲ್ಲಿ ಇದೆ. ಅಜ್ಜನಿಗೆ ಏನಾಗಿತ್ತು ಎಂದು ತಿಳಿಯುವ ಆಸೆ ನಿಮಗಿದ್ದರೆ ಈ ಕಾಗದದಿಂದ ಅದು ತಿಳಿಯುವುದಿಲ್ಲ.

ಬಾಯಿಮಾತಿನಲ್ಲಿ "ನಹೀ ಹೈ" ಎಂದರೆ ಅಲ್ಲಿಂದ ಎದ್ದು ಬರಬೇಡಿ. ಅರ್ಜಿ ಬರವಣಿಗೆಯಲ್ಲಿರಲಿ, ಉತ್ತರವೂ ಬರವಣಿಗೆಯಲ್ಲಿರಲಿ. ಹುಡುಕಿ ಸಿಗದಿದ್ದರೆ "ದಾಖಲೆ ಲಭ್ಯವಿಲ್ಲ" ಎಂಬ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಕೇಳಿ ಪಡೆಯಿರಿ. ಅದರಲ್ಲಿ ಯಾವ ಹೆಸರು, ಯಾವ ವರ್ಷಗಳಲ್ಲಿ ಹುಡುಕಿದರು ಎಂದು ಇರುತ್ತದೆ. ಸಾವೇ ಆಗಿಲ್ಲ ಎಂದು ಅದರ ಅರ್ಥ ಅಲ್ಲ. ಆ ಹೆಸರಲ್ಲಿ, ಆ ವರ್ಷಗಳಲ್ಲಿ, ಆ ಆಫೀಸಿನಲ್ಲಿ ಸಿಗಲಿಲ್ಲ ಎಂದಷ್ಟೇ. ಬೇರೆ ಕಾಗುಣಿತದಲ್ಲಿ ಇನ್ನೊಂದು ಸಲ ಅರ್ಜಿ ಹಾಕಲು ಅಡ್ಡಿಯಿಲ್ಲ. ಉತ್ತರವೇ ಬರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 1978ರ ಆ ವಾರ್ಡಿನ ಮರಣ ರಿಜಿಸ್ಟರ್ ಈಗ ಎಲ್ಲಿದೆ, ಯಾರ ವಶದಲ್ಲಿದೆ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಪುಸ್ತಕ ಎಲ್ಲಿದೆ ಎಂಬ ಪ್ರಶ್ನೆಗೆ ಬರೆದು ಉತ್ತರ ಕೊಡಬೇಕಾದಾಗ ಎಷ್ಟೋ ಸಲ ಪುಸ್ತಕವೇ ಸಿಕ್ಕಿಬಿಡುತ್ತದೆ.

ಆನ್‌ಲೈನ್‌ನಲ್ಲಿ ಆಗುವುದಿಲ್ಲವೇ ಎಂದು ಮುಂದೆ ಕೇಳುತ್ತೀರಿ. ಇತ್ತೀಚಿನ ದಾಖಲೆಗಳಿಗೆ ಆಗುತ್ತದೆ. 1978ರ ಕೈಬರಹದ ದಾಖಲೆಗೆ ಅದನ್ನು ನಂಬಿ ಕೂರಬೇಡಿ, ಖುದ್ದಾಗಿ ಹೋಗಿ. ಇನ್ನೊಂದು, ಜನನ ಮರಣ ಪ್ರಮಾಣಪತ್ರ ಕೊಡುತ್ತೇವೆ ಎನ್ನುವ ನಕಲಿ ವೆಬ್‌ಸೈಟ್‌ಗಳಿವೆ, ನೋಡಲು ಥೇಟ್ ಸರಕಾರದ್ದೇ. ವಿಳಾಸದ ಕೊನೆಗೆ "ಗವ್ ಡಾಟ್ ಇನ್" ಇಲ್ಲದಿದ್ದರೆ ಮುಟ್ಟಬೇಡಿ.

ಸಿಕ್ಕಿತು, ಆದರೆ ಹೆಸರು ತಪ್ಪಿದೆ ಅಂದರೆ? ತಿದ್ದಿಸಲು 15ನೇ ಕಲಮಿನಲ್ಲಿ ಅವಕಾಶ ಇದೆ. ಮೂಲ ಸಾಲನ್ನು ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮಾಡುತ್ತಾರೆ. ನನ್ನ ಸಲಹೆ, ತಕ್ಷಣ ತಿದ್ದಿಸಲು ಓಡಬೇಡಿ. ಸಣ್ಣ ಕಾಗುಣಿತದ ವ್ಯತ್ಯಾಸ ಆಗಿದ್ದರೆ ಸಿಕ್ಕಿದ ಹಾಗೇ ಊರಿಗೆ ಒಯ್ದು, "ಇಬ್ಬರೂ ಒಬ್ಬರೇ" ಎಂಬ ಅಫಿಡವಿಟ್ ಜೊತೆ ನಾಡಕಚೇರಿಯಲ್ಲಿ ತೋರಿಸಿ. ಎಷ್ಟೋ ಕಡೆ ಅಷ್ಟರಲ್ಲೇ ಮುಗಿಯುತ್ತದೆ. 1978ರ ಸಾಲನ್ನು ತಿದ್ದಿಸಲು ಹೊರಟರೆ ಆಧಾರ ಕೇಳುತ್ತಾರೆ, ತಿಂಗಳುಗಟ್ಟಲೆ ಹೋಗುತ್ತದೆ. "ಭಟ್" ಆಗಿಹೋದಂಥ ದೊಡ್ಡ ತಪ್ಪಿದ್ದರೆ ಮಾತ್ರ ತಿದ್ದುಪಡಿಗೆ ಹಾಕಿ. ಪ್ರಮಾಣಪತ್ರ ಮರಾಠಿಯಲ್ಲಿ ಮಾತ್ರ ಇದ್ದರೆ ಕನ್ನಡಕ್ಕೆ ಅನುವಾದ ಮಾಡಿಸಿ ನೋಟರಿ ಮಾಡಿಸಿಕೊಳ್ಳಿ. ಇದು ಕೇಂದ್ರದ ಕಾಯ್ದೆ. "ಬೇರೆ ರಾಜ್ಯದ ಕಾಗದ ನಡೆಯುವುದಿಲ್ಲ" ಎಂದು ಕರ್ನಾಟಕದಲ್ಲಿ ಯಾರೂ ಹೇಳುವಂತಿಲ್ಲ.

ಮೂರು ವಾರ್ಡಿನಲ್ಲೂ, ಎಲ್ಲ ಹೆಸರಲ್ಲೂ ಹುಡುಕಿ ಸಿಗಲೇ ಇಲ್ಲ ಎನ್ನಿ. ಆಗ ತಡವಾದ ನೋಂದಣಿಯ ದಾರಿ. ಒಂದು ವರ್ಷ ದಾಟಿದ ಸಾವಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಇದು ಕೋರ್ಟಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೆಲಸವಾಗಿತ್ತು, ಚಿಕ್ಕಪ್ಪನ ತಲೆಯಲ್ಲಿರುವುದು ಅದೇ ಇರಬೇಕು. ತಿದ್ದುಪಡಿಯಾದ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಅದು ಜಿಲ್ಲಾ ಮ್ಯಾಜಿಸ್ಟ್ರೇಟ್ (ಅಂದರೆ ಜಿಲ್ಲಾಧಿಕಾರಿ), ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೈಗೆ ಬಂದಿದೆ. ಪರೇಲ್, ಸೈನ್, ಫೋರ್ಟ್ ಮೂರೂ ಮುಂಬಯಿ ಶಹರ ಜಿಲ್ಲೆ, ಅದರ ಜಿಲ್ಲಾಧಿಕಾರಿ ಕಚೇರಿ ಫೋರ್ಟಿನ ಹಳೇ ಕಸ್ಟಮ್ ಹೌಸ್‌ನಲ್ಲಿದೆ. ನೀವಿರುವ ಭಾಂಡುಪ್ ಉಪನಗರ ಜಿಲ್ಲೆ, ಬಾಂದ್ರಾದ ಕಚೇರಿಗೆ ಹೋಗಿ ಕಾಯಬೇಡಿ.

ಈ ದಾರಿ ಈಗ ಸುಲಭ ಇಲ್ಲ. ತಡವಾದ ನೋಂದಣಿಯಲ್ಲಿ ಸುಳ್ಳು ದಾಖಲೆಗಳ ದೂರು ಬಂದ ಮೇಲೆ ಮಹಾರಾಷ್ಟ್ರ ಸರಕಾರ 2025ರಲ್ಲಿ ಪರಿಶೀಲನೆ ಬಿಗಿ ಮಾಡಿದೆ. ಬರೀ ಅಫಿಡವಿಟ್ ತಂದರೆ ವಾಪಸ್ ಕಳಿಸುತ್ತಾರೆ. ಆಧಾರ ಬೇಕು. ಚಂದನವಾಡಿಯ ದಹನ ರಿಜಿಸ್ಟರಿನಲ್ಲಿ ಆ ವಾರದ ಸಾಲು ಇದ್ದರೆ ಅದು ಬಹಳ ಗಟ್ಟಿ. ಹೋಟೆಲಿನಲ್ಲಿ ಪಿಎಫ್ ಇದ್ದಿದ್ದರೆ ಆ ಕಾಗದ. ಎಲ್‌ಐಸಿ ಪಾಲಿಸಿ ಇದ್ದಿದ್ದರೆ ಕ್ಲೇಮ್ ಆದ ದಾಖಲೆ. ಅಂದಿನ ಪತ್ರಿಕೆಯ ಅಥವಾ ನಿಮ್ಮ ಸಮಾಜದ ಸಂಘದ ಮಾಸಪತ್ರಿಕೆಯ ಶ್ರದ್ಧಾಂಜಲಿ. ಜೊತೆಗೆ ಆ ದಿನ ಸ್ಮಶಾನಕ್ಕೆ ಹೋಗಿದ್ದವರಲ್ಲಿ ಯಾರಾದರೂ ಇನ್ನೂ ಇದ್ದರೆ ಅವರ ಹೇಳಿಕೆ.

ಮತ್ತೆ ಆ ತಂತಿ. ಅದನ್ನು ಯಾರೂ ಬಿಸಾಡಿರುವುದಿಲ್ಲ ಎಂದು ನನ್ನ ನಂಬಿಕೆ. ಅದರ ಹಿಂದೆಯೇ ಹೋಟೆಲಿನಿಂದ ಒಂದು ಇನ್‌ಲ್ಯಾಂಡ್ ಪತ್ರವೂ ಬಂದಿರುತ್ತದೆ, ಏನಾಯಿತು, ಹೇಗಾಯಿತು, ಸಂಬಳದ ಬಾಕಿ ಎಷ್ಟು ಎಂದು ಬರೆದು. ಒಂದು ಮನೆಯಲ್ಲಿ ಅಂಥ ಪತ್ರ ಸಿಕ್ಕಿದ್ದು ದೇವರ ಕೋಣೆಯ ಟ್ರಂಕಿನಲ್ಲಿ, ಕರಿಮಣಿ ಸರದ ಜೊತೆ ಸುತ್ತಿಟ್ಟಿದ್ದರು. ಅಂಚೆ ಸೀಲಿನ ತಾರೀಕು ಇನ್ನೂ ಓದುವ ಹಾಗಿತ್ತು. ಆಸ್ಪತ್ರೆಯ ಹೆಸರೂ ಅದರಲ್ಲಿತ್ತು. ಮನೆಯವರು ಮೂರು ವರ್ಷ ತಪ್ಪು ವಾರ್ಡಿನಲ್ಲಿ ಹುಡುಕಿದ್ದರು.

ಸಿವಿಲ್ ಕೋರ್ಟಿನಲ್ಲಿ ಘೋಷಣೆಗಾಗಿ ದಾವೆ ಹಾಕುವುದು ಇವೆಲ್ಲ ಮುಗಿದ ಮೇಲಿನ ಮಾತು. ವರ್ಷಗಳು ಹಿಡಿಯುತ್ತವೆ, ಖರ್ಚೂ ಇದೆ. ಅಲ್ಲೂ ನ್ಯಾಯಾಧೀಶರು ಮೊದಲು ಕೇಳುವುದು "ರಿಜಿಸ್ಟರಿನಲ್ಲಿ ಹುಡುಕಿದಿರಾ, ಇಲ್ಲ ಎಂಬ ಕಾಗದ ಎಲ್ಲಿ" ಎಂದೇ. ಚಿಕ್ಕಪ್ಪನಿಗೆ ಹಾಗೆ ಹೇಳಿ.

ವಾರ್ಡಿಗೆ ಹೋಗುವ ಮೊದಲು ಒಂದು ದಿನ ಅಜ್ಜಿಯ ಹತ್ತಿರ ಕೂರಿ. ದೂರದಲ್ಲಿದ್ದರೆ ಫೋನಿನಲ್ಲಾದರೂ ಸರಿ, ನಿಧಾನವಾಗಿ ಕೇಳಿ. ಪತ್ರದ ಮೇಲೆ ವಿಳಾಸ ಏನೆಂದು ಬರೆಸುತ್ತಿದ್ದಿರಿ? ಹೋಟೆಲಿನ ದಣಿಗಳ ಊರು ಯಾವುದು? ಸುದ್ದಿ ತಂದವರು, ಬಟ್ಟೆ ಪೆಟ್ಟಿಗೆ ತಲುಪಿಸಿದವರು ಯಾರು? ಹೋಟೆಲಿನ ಹುಡುಗರು ಅಜ್ಜನನ್ನು ಏನೆಂದು ಕರೆಯುತ್ತಿದ್ದರು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಹಾಳೆ ಹಿಡಿದುಕೊಂಡು ಎಫ್ ಸೌತ್‌ಗೆ ಹೋಗಿ.